ಗೇಮಿಂಗ್ ಪಿಸಿ: ಕೊಟೇಶನ್ನಿನಲ್ಲಿ ಬರೆಯದೆ ಬಿಟ್ಟದ್ದು

ಕಾಲೇಜು ಶುರುವಾಗುವ ಹೊತ್ತಿಗೆ ಪ್ರಿಂಟರ್, ವೈಫೈ ಪ್ರಶ್ನೆಗಳೆಲ್ಲ ಹಿಂದೆ ಸರಿದು ನನಗೆ ಬರುವ ಪತ್ರಗಳಲ್ಲಿ ಒಂದೇ ಮಾತು ಉಳಿಯುತ್ತದೆ: ಕಡಿಮೆ ದುಡ್ಡಿನಲ್ಲಿ ಗೇಮಿಂಗ್ ಪಿಸಿ ಆಗುತ್ತಾ? ಹಾಸನದ ನನ್ನ ರಿಪೇರಿ ಟೇಬಲ್ ಮುಂದೆ ನಿಂತು ಕೇಳುವವರಿಗೆ ಏನು ಹೇಳುತ್ತೇನೋ ಅದನ್ನೇ ಇಲ್ಲೂ ಬರೆದಿದ್ದೇನೆ. ಬಿಡಿಭಾಗಗಳ ಬೆಲೆ ಮಾತ್ರ ಬರೆದಿಲ್ಲ. ಈಗಿನ ಮಾರ್ಕೆಟ್ಟಿನಲ್ಲಿ ಪತ್ರಿಕೆ ಅಚ್ಚಾಗಿ ನಿಮ್ಮೂರ ಬಸ್‌ಸ್ಟ್ಯಾಂಡಿಗೆ ಬಂದಿಳಿಯುವಷ್ಟರಲ್ಲಿ ಅದು ಸುಳ್ಳಾಗಿರುತ್ತದೆ.

ಪ್ರಶ್ನೆ: ಸರ್, ನಾನು ಎಂಜಿನಿಯರಿಂಗ್ ಎರಡನೇ ವರ್ಷ. ಮಾವನ ಅಂಗಡಿಯಲ್ಲಿ ರಜೆಯಲ್ಲಿ ಕೆಲಸ ಮಾಡಿ 40,000 ರೂಪಾಯಿ ಕೂಡಿಸಿದ್ದೇನೆ. ಮಾನಿಟರ್, ಕೀಬೋರ್ಡ್ ಮನೆಯಲ್ಲಿವೆ. ವ್ಯಾಲೊರಂಟ್, ಜಿಟಿಎ 5 ಆಡಬೇಕು, ಕಾಲೇಜಿನ ಆಟೋಕ್ಯಾಡ್ ಕೂಡ ಓಡಬೇಕು. ನಮ್ಮೂರ ಅಂಗಡಿಯವರು ಕೊಟ್ಟ ಕೊಟೇಶನ್ ಹೀಗಿದೆ: ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 512 ಜಿಬಿ ಎಸ್‌ಎಸ್‌ಡಿ, ಆರ್‌ಜಿಬಿ ಗೇಮಿಂಗ್ ಕ್ಯಾಬಿನೆಟ್, ಎಸ್‌ಎಂಪಿಎಸ್ ಸಮೇತ. ಒಟ್ಟು 35,000. ತಗೊಳ್ಳಲಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ತಗೋಬೇಡ ತಮ್ಮಾ. ಈ ಕೊಟೇಶನ್ನಿನಲ್ಲಿ ಬರೆದಿರುವುದರಲ್ಲಿ ಒಂದೂ ಸುಳ್ಳಿಲ್ಲ, ಬರೆಯದೆ ಬಿಟ್ಟಿರುವುದರಲ್ಲೇ ಎಲ್ಲ ಇದೆ.

ಐ7 ಅಂದಿದ್ದಾರೆ, ಎಷ್ಟನೇ ಜನರೇಶನ್ ಅಂತ ಬರೆದಿಲ್ಲ. ಈ ಬೆಲೆಯಲ್ಲಿ ಸಿಗುವ ಐ7 ಸಾಮಾನ್ಯವಾಗಿ 3770, ಅಂದರೆ 3ನೇ ಜನರೇಶನ್. ಅದು 2012ರದ್ದು. ಯಾವುದೋ ಕಂಪನಿಯ ಆಫೀಸಿನಲ್ಲಿ ವರ್ಷಗಟ್ಟಲೆ ದುಡಿದು ಹೊರಬಿದ್ದದ್ದು. ಅದರಲ್ಲಿ 4 ಕೋರ್, 8 ಥ್ರೆಡ್. 2022ರಲ್ಲಿ ಬಂದ ಐ3-12100ಎಫ್‌ನಲ್ಲೂ ಅಷ್ಟೇ ಕೋರ್, ಅಷ್ಟೇ ಥ್ರೆಡ್ ಇವೆ. ಆದರೂ ಆ 'ಚಿಕ್ಕ' ಐ3 ಈ 'ದೊಡ್ಡ' ಐ7ನ್ನು ಪ್ರತಿ ಗೇಮಿನಲ್ಲೂ ಬಹಳ ಹಿಂದೆ ಬಿಡುತ್ತದೆ. 3, 5, 7 ಅನ್ನುವ ಅಂಕಿ ಆಯಾ ವರ್ಷದ ತರಗತಿಯೊಳಗಿನ ರ‍್ಯಾಂಕ್ ಅಷ್ಟೆ. ಬೇರೆ ಬೇರೆ ವರ್ಷದ ರ‍್ಯಾಂಕನ್ನು ಅಕ್ಕಪಕ್ಕ ಇಟ್ಟು ಅಳೆಯುವ ಹಾಗಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ 8ನೇ ಜನರೇಶನ್ ಅಥವಾ ಮೇಲಿನದು ಇರಬೇಕು, ಟಿಪಿಎಂ 2.0 ಎನ್ನುವ ಭದ್ರತೆಯ ವ್ಯವಸ್ಥೆ ಇರಬೇಕು. 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ ಜೊತೆ ಸೆಕ್ಯೂರ್ ಬೂಟ್ ಕೂಡ ಆನ್ ಇರಬೇಕು. ಅಂಗಡಿಯವರು ಏನೋ ಮಾಡಿ 11 ಹಾಕಿಕೊಡುತ್ತಾರೆ, ಡೆಸ್ಕ್‌ಟಾಪ್ ಚೆಂದಾಗಿ ಕಾಣುತ್ತದೆ. ಮನೆಗೆ ಒಯ್ದು ಗೇಮ್ ಒತ್ತಿದ ಮೇಲೆ ಎರರ್.

'4 ಜಿಬಿ ಗ್ರಾಫಿಕ್ಸ್ ಕಾರ್ಡ್' ಎನ್ನುವುದು ಕೊಟೇಶನ್ನುಗಳಲ್ಲಿ ನಾನು ನೋಡಿರುವ ಅತ್ಯಂತ ಲಾಭದ ಸಾಲು. ಯಾರಿಗೆ ಲಾಭ ಅಂತ ಬೇರೆ ಹೇಳಬೇಕಿಲ್ಲ. ಹೆಸರಿಲ್ಲದ 4 ಜಿಬಿ ಅಂದರೆ ಬಹುಮಟ್ಟಿಗೆ ಜಿಟಿ 730 ಎಂದೇ ತಿಳಿ. 2014ರ ಕಾರ್ಡು. ಅದರ ಮೇಲೆ ನಿಧಾನದ ಡಿಡಿಆರ್3 ಮೆಮೊರಿ ಎಷ್ಟು ಜಿಬಿ ಅಂಟಿಸಿದರೂ ಗೇಮ್ ಓಡುವುದಿಲ್ಲ. ಮುಂದೆ ಹೇಳುವ ಪ್ರೊಸೆಸರಿನ ಒಳಗೇ ಇರುವ ಗ್ರಾಫಿಕ್ಸು ಇದಕ್ಕಿಂತ ಎಷ್ಟೋ ವಾಸಿ.

ಎಸ್‌ಎಂಪಿಎಸ್ 'ಸಮೇತ' ಅಂದಿದ್ದಾರಲ್ಲ, ಪಿಸಿಗೆಲ್ಲ ಕರೆಂಟು ಹಂಚುವ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಲೇಬಲ್ ಓದು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತಿರುತ್ತದೆ. ಕೆಳಗಿನ ಸಣ್ಣ ಟೇಬಲ್ಲಿನಲ್ಲಿ +12 ವೋಲ್ಟಿನ ಕಾಲಂ ಹುಡುಕು. ಅಲ್ಲಿ 16 ಆಂಪಿಯರ್ ಅಂತಿದ್ದರೆ 12ನ್ನು 16ರಿಂದ ಗುಣಿಸು, 192 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಕುಡಿಯುವುದು ಈ ಕಾಲಮ್ಮಿನಿಂದಲೇ. ಮಿಕ್ಕದ್ದು 3.3 ಮತ್ತು 5 ವೋಲ್ಟಿಗೆ ಹಂಚಿದ ಲೆಕ್ಕ, ನಿನಗೆ ಉಪಯೋಗವಿಲ್ಲ. ಒಳ್ಳೆ ಕಂಪನಿಯ 450 ವ್ಯಾಟಿನ ಮೇಲೆ ಅದೇ ಕಾಲಮ್ಮಿನಲ್ಲಿ 30 ಆಂಪಿಯರಿಗಿಂತ ಮೇಲೇ ಇರುತ್ತದೆ. ಎರಡನ್ನೂ ಎರಡು ಕೈಯಲ್ಲಿ ಹಿಡಿದರೆ ತೂಕದಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಏನು ತಗೊಳ್ಳಲಿ ಅಂದರೆ, ನನ್ನ ಲೆಕ್ಕ ಇಷ್ಟೇ: ಆಮೇಲೆ ಬದಲಾಯಿಸಲು ಸುಲಭ ಇರುವುದಕ್ಕೆ ಈಗ ಕಡಿಮೆ ಸುರಿ, ಬದಲಾಯಿಸಲು ಕಷ್ಟ ಇರುವುದಕ್ಕೆ ಈಗಲೇ ಸರಿಯಾಗಿ ಕೊಡು. ಗ್ರಾಫಿಕ್ಸ್ ಕಾರ್ಡನ್ನು ಐದು ನಿಮಿಷದಲ್ಲಿ ಬದಲಾಯಿಸಬಹುದು. ಮದರ್‌ಬೋರ್ಡ್ ಬದಲಾಯಿಸಬೇಕೆಂದರೆ ಇಡೀ ಪಿಸಿ ಬಿಚ್ಚಬೇಕು. ಎಸ್‌ಎಂಪಿಎಸ್ ಕೆಟ್ಟರೆ ಅದೊಂದೇ ಹೋಗುವ ಖಾತ್ರಿಯಿಲ್ಲ.

ಎಎಂಡಿಯ ರೈಜನ್ 5 5600ಜಿ ತಗೋ. 6 ಕೋರ್, 12 ಥ್ರೆಡ್, ಒಳಗೇ ವೇಗಾ ಗ್ರಾಫಿಕ್ಸ್. ಸದ್ಯಕ್ಕೆ ಕಾರ್ಡು ಬೇಡ. ವ್ಯಾಲೊರಂಟ್ ಕಡಿಮೆ ಸೆಟ್ಟಿಂಗಿನಲ್ಲಿ 1080ಪಿಯಲ್ಲೇ ಸಲೀಸು. ಜಿಟಿಎ 5 ಕೂಡ ಸೆಟ್ಟಿಂಗ್ ಇಳಿಸಿದರೆ ಆಡಬಹುದು, ತೀರಾ ಎಳೆದಾಡಿದರೆ 720ಪಿಗೆ ಇಳಿಸು. 1080ಪಿಯಲ್ಲಿ 720ಪಿಯ ಎರಡೂಕಾಲು ಪಟ್ಟು ಪಿಕ್ಸೆಲ್‌ಗಳಿರುತ್ತವೆ, ಅಷ್ಟರಮಟ್ಟಿಗೆ ಭಾರ ಇಳಿಯುತ್ತದೆ. ಆಟೋಕ್ಯಾಡಿಗೆ ಚಿಂತೆಯೇ ಇಲ್ಲ. ಬಿ550 ಬೋರ್ಡ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 80 ಪ್ಲಸ್ ಬ್ರಾಂಜ್ ಗುರುತಿನ 500 ಅಥವಾ 550 ವ್ಯಾಟ್ ಎಸ್‌ಎಂಪಿಎಸ್. ಮುಂದಿನ ವರ್ಷ ದುಡ್ಡಾದಾಗ ಆರ್‌ಎಕ್ಸ್ 6600 ಥರದ 8 ಜಿಬಿ ಕಾರ್ಡು ಹಾಕಿಕೋ. ಅದು ಎಳೆಯುವುದು 132 ವ್ಯಾಟ್. ಇದೇ ಎಸ್‌ಎಂಪಿಎಸ್ ಆರಾಮಾಗಿ ಹೊರುತ್ತದೆ. ಒಂದು ಎಚ್ಚರ: ಅಗ್ಗ ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ತಗೋಬೇಡ. ಅದಕ್ಕೆ ಬೋರ್ಡಿನೊಂದಿಗೆ ಮಾತಾಡಲು ಇರುವುದೇ 4 ಲೇನ್. 5600ಜಿ ಆ ಮಾತಿಗೆ ಕೊಡುವುದು ಹಳೆಯ, ನಿಧಾನದ ದಾರಿ, ಪಿಸಿಐಇ 3.0. ಕಾರ್ಡಿನ ಮೇಲೆ ಮೆಮೊರಿಯೂ 4 ಜಿಬಿ ಮಾತ್ರ. ಮೂರೂ ಸೇರಿದರೆ ಕಾರ್ಡಿನ ಉಸಿರು ಕಟ್ಟುತ್ತದೆ.

ನಿನ್ನ ಲೆಕ್ಕ ತಪ್ಪಿಸುವುದು ರ‍್ಯಾಮ್. 2025ರ ಕೊನೆಯಿಂದ ಅದರ ಬೆಲೆ ಏರಿ ಕೂತಿದೆ. ಎಐ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿಯ ಕಡೆ ಚಿಪ್ ಕಂಪನಿಗಳೆಲ್ಲ ಮುಖ ಮಾಡಿವೆ. ಮೈಕ್ರಾನ್ ಅಂತೂ ಆ ವರ್ಷದ ಡಿಸೆಂಬರಿನಲ್ಲಿ, ನಮ್ಮಂಥವರು ಕೊಳ್ಳುತ್ತಿದ್ದ ಕ್ರೂಶಿಯಲ್ ಬ್ರ್ಯಾಂಡನ್ನೇ ನಿಲ್ಲಿಸುವುದಾಗಿ ಹೇಳಿತು. ಹಾಗಾಗಿ ನಾನು ಸೆಕೆಂಡ್‌ಹ್ಯಾಂಡ್ ತಗೋ ಅಂತ ಧೈರ್ಯವಾಗಿ ಹೇಳುವ ಒಂದೇ ವಸ್ತು ಈಗ ಡಿಡಿಆರ್4 ರ‍್ಯಾಮ್. ಅದರಲ್ಲಿ ಸವೆಯುವ ಭಾಗವಿಲ್ಲ. ಮೆಮ್‌ಟೆಸ್ಟ್86 ಎನ್ನುವ ಉಚಿತ ಪ್ರೋಗ್ರಾಮನ್ನು ಪೆನ್‌ಡ್ರೈವಿನಲ್ಲಿ ಹಾಕಿ ರಾತ್ರಿಯಿಡೀ ಓಡಿಸು. ಒಂದು ಎರರ್ ಬಂದರೂ ವಾಪಸ್ ಕೊಡು. ಆ ಮಾತು ಮೊದಲೇ ಆಡಿಕೊಂಡಿರು.

16 ಜಿಬಿಯ ಒಂದೇ ಸ್ಟಿಕ್ ಬೇಡ, 8ರ ಎರಡು ಬೇಕು. ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಿಗೆ ತನ್ನದೇ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಕಡ ತರಬೇಕು. ಎರಡು ಸ್ಟಿಕ್ ಇದ್ದರೆ ಎರಡು ದಾರಿ. ಒಂದೇ ಇದ್ದರೆ ಆಟದ ವೇಗ ಕಣ್ಣಿಗೆ ಕಾಣುವಷ್ಟು ಬೀಳುತ್ತದೆ. ಹಾಕಿದ ಮೇಲೆ ಬಯಾಸಿನೊಳಗೆ (ಪಿಸಿ ಆನ್ ಆದ ಕೂಡಲೇ ಓಡುವ, ಬೋರ್ಡಿನದೇ ಪ್ರೋಗ್ರಾಂ) ಹೋಗಿ ಎಕ್ಸ್‌ಎಂಪಿ ಆನ್ ಮಾಡು. ಇಲ್ಲದಿದ್ದರೆ 3200ಕ್ಕೆ ದುಡ್ಡು ಕೊಟ್ಟ ರ‍್ಯಾಮ್ 2400ರಲ್ಲೋ 2666ರಲ್ಲೋ ಓಡುತ್ತಿರುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ಒತ್ತಿದರೆ ಸ್ಪೀಡ್ ಕಾಣುತ್ತದೆ. ಇದನ್ನು ನೋಡದೆ ವರ್ಷಗಟ್ಟಲೆ ಆಡಿದವರು ನನ್ನ ಟೇಬಲ್ಲಿಗೆ ಬೇಕಾದಷ್ಟು ಜನ ಬಂದಿದ್ದಾರೆ.

ಪ್ರಶ್ನೆ: ಮಗ ಪಿಯುಸಿ ಮುಗಿಸಿದ್ದಾನೆ. ಓದೋಕೆ ಬೇಕು ಅಂತ ಗೇಮಿಂಗ್ ಕಂಪ್ಯೂಟರ್ ಕೇಳ್ತಿದ್ದಾನೆ. ಅವರಪ್ಪ ಲ್ಯಾಪ್‌ಟಾಪ್ ಸಾಕು ಅಂತಾರೆ. ಇಬ್ಬರ ನಡುವೆ ನಾನು. ಯಾವುದು ಸರಿ?
– ಗೃಹಿಣಿ, ಶಿವಮೊಗ್ಗ

ಉತ್ತರ: ಅಮ್ಮಾ, ಓದೋಕೆ ಗೇಮಿಂಗ್ ಕಂಪ್ಯೂಟರ್ ಬೇಕಿಲ್ಲ ಅಂತ ನಿಮಗೂ ಗೊತ್ತು, ಅವನಿಗೂ ಗೊತ್ತು. ಅದನ್ನು ಪಕ್ಕಕ್ಕಿಡಿ. ಕೇಳಬೇಕಾದ್ದು ಒಂದೇ, ಸಿಇಟಿ ಸೀಟು ಎಲ್ಲಿ ಸಿಗುತ್ತದೆ? ಹಾಸ್ಟೆಲ್ ಅಂತಾದರೆ ಯಜಮಾನರು ಹೇಳಿದ್ದೇ ಸರಿ. ಡೆಸ್ಕ್‌ಟಾಪ್ ಶಿವಮೊಗ್ಗದಲ್ಲೇ ಬಟ್ಟೆ ಹೊದ್ದು ಕೂತಿರುತ್ತದೆ, ಅವನು ಅಲ್ಲಿ ಫ್ರೆಂಡಿನ ಲ್ಯಾಪ್‌ಟಾಪ್ ಕೇಳುತ್ತಿರುತ್ತಾನೆ. ಮನೆಯಿಂದಲೇ ಓಡಾಡುವ ಕಾಲೇಜಾದರೆ ಮಗ ಹೇಳಿದ್ದು ಸರಿ. ಅಷ್ಟೇ ದುಡ್ಡಿಗೆ ಡೆಸ್ಕ್‌ಟಾಪ್ ಹೆಚ್ಚು ಕೆಲಸ ಮಾಡುತ್ತದೆ, ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಾಯಿಸಬಹುದು. ಮೇಲೆ ದಾವಣಗೆರೆಯ ಹುಡುಗನಿಗೆ ಬರೆದದ್ದನ್ನೇ ಕೊಡಿಸಿ, ಕಾರ್ಡಿಲ್ಲದೆ. ಕಾರ್ಡಿನ ದುಡ್ಡನ್ನು ಅವನೇ ಕೂಡಿಸಲಿ. ಸೀಟು ಎಲ್ಲಿ ಅಂತ ಗೊತ್ತಾಗುವವರೆಗೆ ಎರಡನ್ನೂ ಕೊಳ್ಳಬೇಡಿ.

ಪ್ರಶ್ನೆ: ಪಾರ್ಟ್ಸ್ ತರಲು ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗಬೇಕಾ, ಆನ್‌ಲೈನಲ್ಲಿ ತರಿಸಿದರೆ ನಡೆಯುತ್ತಾ? ಅಲ್ಲಿ ಹೊಸಬರಿಗೆ ಟೋಪಿ ಹಾಕುತ್ತಾರೆ ಅಂತ ಕೇಳಿದ್ದೇನೆ.
– ಕಾಫಿ ಕ್ಯೂರಿಂಗ್ ನೌಕರ, ಚಿಕ್ಕಮಗಳೂರು

ಉತ್ತರ: ಬೆಲೆ ಗೊತ್ತಿಲ್ಲದೆ ಹೋದವರಿಗೆ ಎಲ್ಲ ಸಂತೆಯಲ್ಲೂ ಟೋಪಿಯೇ. ಆನ್‌ಲೈನ್ ಬೆಲೆಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದರೆ ಹಸಿರು ಮೆಟ್ರೋದಲ್ಲಿ ಮುಂದಿನದೇ ಚಿಕ್ಕಪೇಟೆ, ಅದರ ಮುಂದಿನದು ಕೆ.ಆರ್. ಮಾರ್ಕೆಟ್. ಎರಡರಲ್ಲಿ ಎಲ್ಲಿ ಇಳಿದರೂ ನಡೆದು ಹೋಗಬಹುದು. ಭಾನುವಾರ ಮಾತ್ರ ಹೊರಡಬೇಡಿ, ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತವೆ.

ರೇಟು ಕುದುರಿದ ಮೇಲೆ 'ಬಿಲ್ ಬೇಕಾ ಸಾರ್?' ಅಂತ ಕೇಳಿದರೆ, ಬೇಕು. ಜಿಎಸ್‌ಟಿ ಶೇ. 18. ಅದನ್ನು ಉಳಿಸಲು ಹೋಗಿ ಮೂರು ವರ್ಷದ ವಾರಂಟಿ ಕಳೆದುಕೊಳ್ಳುತ್ತೀರಿ. ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸಿ. 'ಕಂಪ್ಯೂಟರ್ ಸೆಟ್ – 1' ಅಂತ ಬರೆದ ಬಿಲ್ಲಿಗೆ ಸರ್ವಿಸ್ ಸೆಂಟರಿನಲ್ಲಿ ಬೆಲೆಯಿಲ್ಲ.

ಎಸ್‌ಪಿ ರೋಡಿಗೆ ಹೋಗಿ ಅಂತ ನಾನು ಹೇಳುವುದಕ್ಕೆ ಕಾರಣ ಬೇರೆಯೇ ಇದೆ. ಎಎಂ4, ಅಂದರೆ ಮೇಲೆ ಹೇಳಿದ 5600ಜಿ ಕೂರುವ ಸಾಕೆಟ್ಟಿನ ಬೋರ್ಡುಗಳಲ್ಲಿ ಹಳೆ ಸ್ಟಾಕು ಈಗಲೂ ಓಡಾಡುತ್ತಿದೆ. ಬಿ450 ಬೋರ್ಡು ಬಂದದ್ದು 2018ರಲ್ಲಿ, 5600ಜಿ ಬಂದದ್ದು 2021ರಲ್ಲಿ. ಬಯಾಸ್ ಅಪ್‌ಡೇಟ್ ಆಗದ ಬೋರ್ಡಿಗೆ ಈ ಪ್ರೊಸೆಸರ್ ಯಾರು ಅಂತಲೇ ಗೊತ್ತಿರುವುದಿಲ್ಲ, ಸ್ಕ್ರೀನ್ ಕಪ್ಪಗೇ ಇರುತ್ತದೆ. ಬಿ550ರ ಮೊದಮೊದಲ ಸ್ಟಾಕಿಗೂ ಇದೇ ಕತೆ. ಆನ್‌ಲೈನಲ್ಲಿ ತರಿಸಿ ಚಿಕ್ಕಮಗಳೂರಿನಲ್ಲಿ ಜೋಡಿಸಿ ಹೀಗಾದರೆ, ಅಪ್‌ಡೇಟ್ ಮಾಡಲು ಹಳೆ ಪ್ರೊಸೆಸರ್ ಯಾರ ಹತ್ತಿರ ಸಾಲ ಕೇಳುತ್ತೀರಿ? ಅಂಗಡಿಯಲ್ಲಾದರೆ ಕೌಂಟರ್ ಮೇಲೇ ಬೋರ್ಡು, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಜೋಡಿಸಿ ಡಿಸ್‌ಪ್ಲೇ ತೋರಿಸಿ ಅನ್ನಿ. ತೋರಿಸಿದರೆ ದುಡ್ಡು ಕೊಡಿ. ತೋರಿಸಲು ಒಲ್ಲದವರ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ. ಎಸ್‌ಎಸ್‌ಡಿ, ಮೌಸ್, ಫ್ಯಾನ್ ಇಂಥವನ್ನೆಲ್ಲ ಆನ್‌ಲೈನಲ್ಲಿ ಧಾರಾಳವಾಗಿ ತರಿಸಿ.

ಪ್ರಶ್ನೆ: ಹೊಸಾ ಪಿಸಿ ಮಾಡಿಸೀನ್ರಿ. ಗೇಮ್ ಚಲೋ ಓಡ್ತದ, ಆದ್ರ ಕ್ಯಾಬಿನೆಟ್ ಮುಟ್ಟಿದ್ರ ಕೈಗೆ ಜುಮ್ ಅಂತದ. ಟೆಸ್ಟರ್ ಹಚ್ಚಿದ್ರ ಲೈಟ್ ಹತ್ತತದ. ಅಂಗಡ್ಯಾಂವ ಎಸ್‌ಎಂಪಿಎಸ್ ಬದಲಿ ಮಾಡಿ ಕೊಟ್ಟ, ಆದ್ರೂ ಹಂಗ ಐತಿ. ಬೋರ್ಡ್ ಹೋಗ್ಯದೇನ್ರಿ?
– ವಿಜಯಪುರ ಜಿಲ್ಲೆಯ ಹಳ್ಳಿಯಿಂದ ಒಬ್ಬ ಓದುಗ

ಉತ್ತರ: ಬೋರ್ಡೂ ಹೋಗಿಲ್ಲ, ಎಸ್‌ಎಂಪಿಎಸ್ಸೂ ಬಹುಶಃ ಹೋಗಿರಲಿಲ್ಲ. ನಿಮ್ಮ ಮನೆಗೆ ಅರ್ತಿಂಗ್ ಇಲ್ಲ, ಅಥವಾ ಇದ್ದದ್ದು ಸತ್ತಿದೆ. ಈ ತಿಂಗಳ ಪತ್ರಗಳಲ್ಲೆಲ್ಲ ನನಗೆ ಮುಖ್ಯ ಅನ್ನಿಸಿದ್ದು ಇದೇ. ಹಾಗಾಗಿ ಸ್ವಲ್ಪ ಉದ್ದವಾದರೂ ಓದಿ.

ಎಸ್‌ಎಂಪಿಎಸ್ಸಿಗೆ ಕರೆಂಟು ಒಳಗೆ ಬರುವ ಜಾಗದಲ್ಲೇ ಒಂದು ಫಿಲ್ಟರ್ ಇರುತ್ತದೆ. ಫೇಸಿನಿಂದ ಬಾಡಿಗೆ ಒಂದು ಪುಟ್ಟ ಕೆಪಾಸಿಟರ್, ನ್ಯೂಟ್ರಲ್ಲಿನಿಂದ ಬಾಡಿಗೆ ಇನ್ನೊಂದು. ಒಳಗೆ ಹುಟ್ಟುವ ವಿದ್ಯುತ್ ಗದ್ದಲವನ್ನು ಅರ್ತ್ ವೈರಿನ ಮೂಲಕ ನೆಲಕ್ಕೆ ಕಳಿಸುವುದು ಅವುಗಳ ಕೆಲಸ. ಅರ್ತ್ ಇಲ್ಲದಿದ್ದರೆ ಅದು ಹೋಗಲು ಜಾಗವಿಲ್ಲದೆ ಬಾಡಿಯಲ್ಲೇ ನಿಲ್ಲುತ್ತದೆ. ಎರಡು ಕೆಪಾಸಿಟರಿನ ನಡುವೆ ಬಾಡಿ ಸಿಕ್ಕಿಕೊಂಡಿರುವುದರಿಂದ ಅಲ್ಲಿ ಸುಮಾರು ಅರ್ಧ ವೋಲ್ಟೇಜು, ಅಂದರೆ 230ರಲ್ಲಿ 115ರ ಆಸುಪಾಸು ಕಾಣುತ್ತದೆ. ಹರಿಯುವ ಕರೆಂಟು ಬಹಳ ಕಡಿಮೆ, ಆದ್ದರಿಂದ ಹೊಡೆಯುವುದಿಲ್ಲ, ಜುಮ್ ಅನ್ನುತ್ತದೆ. ಸರಿಯಿರುವ ಎಸ್‌ಎಂಪಿಎಸ್ಸಿನಲ್ಲೇ ಹೀಗಾಗುತ್ತದೆ. ಬದಲಾಯಿಸಿದರೂ ನಿಲ್ಲದ್ದು ಅದಕ್ಕೇ.

ಜುಮ್ ತಾನೇ ಅಂತ ಬಿಡಬೇಡಿ. ನಾಳೆ ನಿಜವಾಗಿಯೇ ಫೇಸ್ ವೈರು ಬಾಡಿಗೆ ತಾಗಿದರೆ ತಡೆಯುವುದು ಆ ಮೂರನೇ ವೈರೊಂದೇ. ಮನುಷ್ಯನಿಗೆ ಏನೂ ಆಗದಿದ್ದರೂ ಬೇರೆಯದಕ್ಕೆ ಏಟು ಬೀಳುತ್ತದೆ: ಪಿಸಿ ಆನ್ ಇದ್ದಾಗಲೇ ಟಿವಿಯ ಎಚ್‌ಡಿಎಂಐ ಕೇಬಲ್ ಚುಚ್ಚಿದರೆ ಬಾಡಿಯಲ್ಲಿ ನಿಂತದ್ದು ಆ ಕೇಬಲ್ಲಿನ ದಾರಿ ಹಿಡಿಯುತ್ತದೆ. ಡಿಶ್ ಕೇಬಲ್ ಹಾಕಿದ ಟಿವಿಯಾದರೆ ಇನ್ನೂ ಅಪಾಯ. ಎಚ್‌ಡಿಎಂಐ ಪೋರ್ಟ್ ಸುಟ್ಟ ಕಾರ್ಡುಗಳು ನನ್ನ ಹತ್ತಿರ ಬರುವುದು ಹೆಚ್ಚಾಗಿ ಹೀಗೆಯೇ.

ಎಲೆಕ್ಟ್ರಿಷಿಯನ್ ಕರೆಸಿ, ಮಲ್ಟಿಮೀಟರ್ ತರಲು ಹೇಳಿ. ಟೆಸ್ಟರ್ ಸಾಲದು. ಸಾಕೆಟ್ಟಿನಲ್ಲಿ ಫೇಸಿಗೂ ನ್ಯೂಟ್ರಲ್ಲಿಗೂ 230 ಇದ್ದರೆ, ಫೇಸಿಗೂ ಅರ್ತಿಗೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ಲಿಗೂ ಅರ್ತಿಗೂ ನಡುವೆ ನಾಲ್ಕೈದು ವೋಲ್ಟಿಗಿಂತ ಹೆಚ್ಚಿರಬಾರದು. ಮನೆಗೆ ಅರ್ತಿನ ಗುಂಡಿಯೇ ಇಲ್ಲದಿದ್ದರೆ ತೋಡಿಸಿ. ಪೈಪು ಅಥವಾ ತಾಮ್ರದ ಪಟ್ಟಿ, ಸುತ್ತ ಇದ್ದಿಲು, ಉಪ್ಪು. ನಿಮ್ಮ ಕಡೆಯ ಬ್ಯಾಸಗಿಯೊಳಗ ಆ ಗುಂಡಿಗೆ ಆಗಾಗ ನೀರು ಸುರೀಬೇಕು, ಒಣಗಿದ ಮಣ್ಣು ಕರೆಂಟು ಒಯ್ಯುವುದಿಲ್ಲ. ದುಡ್ಡಿದ್ದರೆ ಮೀಟರಿನ ಪಕ್ಕ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್, ಹಾಕಿಸಿ. ಕೆಲವರು ಸಾಕೆಟ್ಟಿನ ಒಳಗೆ ನ್ಯೂಟ್ರಲ್ಲನ್ನೇ ಅರ್ತಿಗೆ ಸೇರಿಸಿ 'ಸರಿ ಆಯ್ತು ನೋಡ್ರಿ' ಅನ್ನುತ್ತಾರೆ. ಜುಮ್ ನಿಲ್ಲುತ್ತದೆ, ನಿಜ. ಆದರೆ ಕಂಬದಿಂದ ಬರುವ ನ್ಯೂಟ್ರಲ್ ಒಂದು ದಿನ ಕಡಿದರೆ ಕ್ಯಾಬಿನೆಟ್ಟಿನ ಮೇಲೆ ಪೂರಾ 230 ಬಂದು ಕೂರುತ್ತದೆ. ಅದನ್ನು ಮಾಡಲು ಯಾರಿಗೂ ಬಿಡಬೇಡಿ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿದ್ದರೆ ಇವತ್ತೇ ಬಿಸಾಡಿ.

ನಿಮ್ಮ ಅರ್ತಿಂಗಿಗೆ ತಗಲುವ ಖರ್ಚು ಯಾವ ಗೇಮಿಂಗ್ ಪಿಸಿಯ ಕೊಟೇಶನ್ನಿನಲ್ಲೂ ಇರುವುದಿಲ್ಲ. ಹಳ್ಳಿಯಲ್ಲಿ ಪಿಸಿ ಕಟ್ಟುವವರಿಗೆ ನಾನು ಮೊದಲು ಬರೆಸುವ ಸಾಲು ಅದು.

ಪ್ರಶ್ನೆ: ಆರ್‌ಎಕ್ಸ್ 580 8 ಜಿಬಿ ಕಾರ್ಡ್ ಸೆಕೆಂಡ್‌ಹ್ಯಾಂಡ್ ಸಿಗುತ್ತಿದೆ. ಮಾರುವವರು 'ಮೈನಿಂಗಿಗೆ ಬಳಸಿಲ್ಲ, ಬರೀ ಗೇಮ್' ಅನ್ನುತ್ತಾರೆ. ನಂಬಬಹುದಾ?
– ಡೆಲಿವರಿ ಕೆಲಸದವನು, ಮಂಗಳೂರು

ಉತ್ತರ: ಮೈನಿಂಗಿಗೆ ಬಳಸಿದ್ದೇವೆ ಅಂತ ಹೇಳಿ ಮಾರಿದವರನ್ನು ನಾನಂತೂ ನೋಡಿಲ್ಲ. ಮೈನಿಂಗ್ ಅಂದರೆ ಕಾರ್ಡುಗಳನ್ನು ಹಗಲುರಾತ್ರಿ ಓಡಿಸಿ ಡಿಜಿಟಲ್ ನಾಣ್ಯ ಗಳಿಸುವುದು. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎನ್ನುವ ಅಂಥ ನಾಣ್ಯದ ಮೈನಿಂಗ್ ನಿಂತ ಮೇಲೆ ಈ ಕಾರ್ಡುಗಳು ಮೂಟೆಗಟ್ಟಲೆ ಮಾರ್ಕೆಟ್ಟಿಗೆ ಬಂದವು. ಮೈನಿಂಗಿನದ್ದಾದರೂ ಚಿಪ್ಪು ಸಾಮಾನ್ಯವಾಗಿ ಬದುಕಿರುತ್ತದೆ. ಸಾಯುವುದು ಫ್ಯಾನಿನ ಬೇರಿಂಗ್, ಒಣಗುವುದು ಪೇಸ್ಟ್. ಎರಡನ್ನೂ ಸರಿಮಾಡಬಹುದು.

ಅದಕ್ಕಿಂತ ಹೆಚ್ಚಾಗಿ ನೋಡಬೇಕಾದ್ದು ಅದು 580ಯೇ ಹೌದಾ ಅಂತ. ಜಿಪಿಯು-ಝಡ್ ಎನ್ನುವ ಸಣ್ಣ ಪ್ರೋಗ್ರಾಂ ತೆರೆಸಿ 'ಶೇಡರ್ಸ್' ಎನ್ನುವ ಕಡೆ ನೋಡಿ. ನಿಜವಾದ 580ರಲ್ಲಿ 2304. ಅಲ್ಲಿ 2048 ಇದ್ದರೆ ಅದು 580ರ ಹೆಸರು ಹೊತ್ತ, ಒಳಗೆ 570ರ ಮಟ್ಟದ ಕಾರ್ಡು. ಆ ಬೆಲೆಗೆ ಕೇಳಿ. ಆಮೇಲೆ ಕಾರ್ಡಿಗೆ ಪೂರ್ತಿ ಭಾರ ಹೊರಿಸುವ ಫರ್‌ಮಾರ್ಕ್ ಪ್ರೋಗ್ರಾಂ ಹಾಕಿ ಅರ್ಧ ಗಂಟೆ ಅವರ ಮನೆಯಲ್ಲೇ ಕೂತು ಕಾಫಿ ಕುಡಿಯಿರಿ. ಸ್ಕ್ರೀನಿನಲ್ಲಿ ಬಣ್ಣಬಣ್ಣದ ಚುಕ್ಕೆ, ಚೌಕ ಬಂದರೆ ಮೆಮೊರಿ ಹೋಗಿದೆ, ಎದ್ದು ಬನ್ನಿ.

ನಿಮ್ಮದು ಕರಾವಳಿ. ಕಾರ್ಡಿನ ಹಿಂಬದಿಯ ತಗಡಿನ ಪಟ್ಟಿ, ಅದರ ಸ್ಕ್ರೂಗಳು, ಎಚ್‌ಡಿಎಂಐ ಪೋರ್ಟಿನ ಬಾಯಿ, ಇವನ್ನು ಮೊಬೈಲಿನ ಟಾರ್ಚ್ ಬಿಟ್ಟು ನೋಡಿ. ತುಕ್ಕೋ, ಹಸಿರುಗಟ್ಟಿದ ಪುಡಿಯೋ ಕಂಡರೆ ಒಳಗೂ ಅದೇ ಇರುತ್ತದೆ. ಉಪ್ಪುಗಾಳಿ ಕುಡಿದ ಕಾರ್ಡನ್ನು ನಾನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟುವುದಿಲ್ಲ, ಮೈನಿಂಗ್ ಮಾಡಿದ್ದೇ ವಾಸಿ.

ಆದರೂ ಒಂದು ಮಾತು. 580 ಬಂದದ್ದು 2017ರಲ್ಲಿ. ಹೊಸ ಗೇಮ್ ಬಂದಾಗಲೆಲ್ಲ ಅದಕ್ಕೆ ತಕ್ಕ ಡ್ರೈವರ್ ಕೊಡುವ ಸಾಲಿನಿಂದ ಎಎಂಡಿ ಇದನ್ನು ಹೊರಗಿಟ್ಟಾಗಿದೆ. ಎನ್ವಿಡಿಯಾದ ಜಿಟಿಎಕ್ಸ್ 10 ಸೀರೀಸಿಗೂ 2025ರ ಅಕ್ಟೋಬರಿಗೆ ಅದೇ ಗತಿಯಾಯಿತು. ಹಳೆ ಗೇಮ್ ಆಡುವವರಿಗೆ ತೊಂದರೆಯಿಲ್ಲ. ಹೊಸದೇ ಬೇಕೆಂದರೆ ಇನ್ನೆರಡು ತಿಂಗಳು ಕಾದು ಬಿಲ್ ಇರುವ, ವಾರಂಟಿ ಉಳಿದಿರುವ ಆರ್‌ಎಕ್ಸ್ 6600 ಹುಡುಕಿ.

ಪ್ರಶ್ನೆ: ನಮ್ಮಲ್ಲಿ ಮೇ ತಿಂಗಳಲ್ಲಿ 42 ಡಿಗ್ರಿ. ಎಸಿ ಇಲ್ಲ. ವಾಟರ್ ಕೂಲರ್ ಹಾಕಿಸಬೇಕಾ?
– ಶಾಲಾ ಶಿಕ್ಷಕ, ರಾಯಚೂರು

ಉತ್ತರ: ಬೇಡ ಮೇಷ್ಟ್ರೇ. ವಾಟರ್ ಕೂಲರ್ ಹಾಕಿದರೂ ಕೊನೆಗೆ ಆ ಶಾಖ ಬಿಡಬೇಕಾದ್ದು ಅದೇ 42 ಡಿಗ್ರಿಯ ಗಾಳಿಗೆ. ಆ ದುಡ್ಡಲ್ಲಿ ಮುಂಭಾಗ ಪೂರ್ತಿ ಜಾಲರಿ ಇರುವ ಕ್ಯಾಬಿನೆಟ್ ತಗೊಳ್ಳಿ. ಮುಂದೆ ಗಾಜು, ಒಳಗೆ ಮೂರು ಬಣ್ಣದ ಲೈಟು ಇರುವುದು ಗಾಳಿಗೆ ಬಾಗಿಲು ಹಾಕಿದಂತೆ. ಮುಂದಿನಿಂದ ಎರಡು ಫ್ಯಾನ್ ಒಳಗೆ, ಹಿಂದಿನಿಂದ ಒಂದು ಹೊರಗೆ, ಸಾಕು. 5600ಜಿಯ ಮಿತಿ 95 ಡಿಗ್ರಿ. ನಿಮ್ಮಲ್ಲಿ 80ರ ಮೇಲೆ ಹೋದರೂ ಗಾಬರಿಯಾಗಬೇಡಿ. ಗೇಮಿನ ಸೆಟ್ಟಿಂಗಿನಲ್ಲಿ ಫ್ರೇಮ್ ರೇಟನ್ನು 60ಕ್ಕೆ ಕಟ್ಟಿಹಾಕಿ. ನಿಮ್ಮ ಮಾನಿಟರ್ 60 ಹರ್ಟ್ಸಿನದ್ದಾದರೆ ಅದಕ್ಕಿಂತ ಹೆಚ್ಚು ಫ್ರೇಮು ಕಣ್ಣಿಗೆ ಕಾಣುವುದೂ ಇಲ್ಲ, ಬಿಸಿ ಮಾತ್ರ ಉಳಿಯುತ್ತದೆ. ಧೂಳನ್ನು ಬ್ಲೋವರ್ ಹಿಡಿದು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಿರ‍್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ.

ಪ್ರಶ್ನೆ: ಅಂಕಲ್, ನಾನು 9ನೇ ಕ್ಲಾಸ್. ಅಣ್ಣ ಮತ್ತೆ ನಾನು ಸೇರಿ ಪಿಸಿ ಜೋಡಿಸಿದ್ವಿ. ಐ3-12100ಎಫ್, ಆರ್‌ಟಿಎಕ್ಸ್ 3050. ಫ್ಯಾನ್ ತಿರುಗುತ್ತೆ, ಲೈಟ್ ಬರುತ್ತೆ, ಸ್ಕ್ರೀನಲ್ಲಿ ಏನೂ ಬರಲ್ಲ. ಅಪ್ಪನಿಗೆ ಇನ್ನೂ ಹೇಳಿಲ್ಲ. ಇನ್ನೊಂದು, ಅಣ್ಣನ ಹಳೇ ಎಎಂ4 ಪಿಸಿಯಿಂದ ಕೂಲರ್ ಬಿಚ್ಚುವಾಗ ಪ್ರೊಸೆಸರೂ ಅದರ ಜೊತೆ ಕಿತ್ತುಕೊಂಡು ಬಂತು, ಎರಡು ಪಿನ್ ಬಗ್ಗಿದೆ. ಅದು ಹೋಯ್ತಾ?
– ಮಂಡ್ಯ

ಉತ್ತರ: ಅಪ್ಪನಿಗೆ ಸಂಜೆವರೆಗೂ ಹೇಳಬೇಡ ಪುಟ್ಟಾ, ಮೊದಲು ಇದನ್ನು ನೋಡು. ಮಾನಿಟರಿನ ಕೇಬಲ್ ಎಲ್ಲಿಗೆ ಚುಚ್ಚಿದ್ದೀರಿ? ಕ್ಯಾಬಿನೆಟ್ಟಿನ ಹಿಂದೆ ಮೇಲ್ಗಡೆ ಯುಎಸ್‌ಬಿ ಪಕ್ಕದಲ್ಲಿರುವ ಎಚ್‌ಡಿಎಂಐ ಮದರ್‌ಬೋರ್ಡಿನದ್ದು. ನಿಮ್ಮ ಪ್ರೊಸೆಸರಿನ ಕೊನೆಯ ಎಫ್ ಅಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ ಅಂತ. ಅಲ್ಲಿಂದ ಚಿತ್ರ ಬರುವುದೇ ಇಲ್ಲ. ಕೆಳಗೆ ಅಡ್ಡಲಾಗಿರುವ ಕಾರ್ಡಿಗೆ ಚುಚ್ಚು.

ಅದು ಸರಿ ಇದ್ದರೆ, ಬೋರ್ಡಿನ ಮೇಲಿನ ಎಡ ಮೂಲೆಯಲ್ಲಿ ಪ್ರೊಸೆಸರಿಗೆ ಅಂತ 8 ಪಿನ್ನಿನ ಬೇರೆ ಕರೆಂಟು ಇರುತ್ತದೆ. ದೊಡ್ಡ 24 ಪಿನ್ ಹಾಕಿ ಇದನ್ನು ಮರೆತರೆ ಫ್ಯಾನ್ ತಿರುಗುತ್ತದೆ, ಲೈಟು ಉರಿಯುತ್ತದೆ, ನೀನು ಬರೆದ ಹಾಗೇ ಆಗುತ್ತದೆ. 3050 ಕಾರ್ಡಿಗೂ ಮೇಲೆ ಪವರಿನ ಬಾಯಿ ಇದೆಯಾ ನೋಡು. 8 ಜಿಬಿಯದಕ್ಕೆ ಇರುತ್ತದೆ, 6 ಜಿಬಿಯವಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಆಮೇಲೆ ರ‍್ಯಾಮ್. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದಕ್ಕೆ ಹಾಕಿ, ಟಕ್ ಅನ್ನುವವರೆಗೆ ಒತ್ತು. ಮಕ್ಕಳು ಮುರಿದೀತು ಅಂತ ಹೆದರಿ ಒತ್ತುವುದೇ ಇಲ್ಲ.

ಅಣ್ಣನ ಪ್ರೊಸೆಸರ್ ಹೋಗಿಲ್ಲ. ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲೇ ಇರುವುದರಿಂದ, ಪೇಸ್ಟು ಗಟ್ಟಿಯಾಗಿದ್ದಾಗ ಕೂಲರನ್ನು ನೆಟ್ಟಗೆ ಎಳೆದರೆ ಜೊತೆಗೇ ಬಂದುಬಿಡುತ್ತದೆ. ಇನ್ನು ಮೇಲೆ ಹತ್ತು ನಿಮಿಷ ಪಿಸಿ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ ಪ್ಲಗ್ ತೆಗೆದು, ಕೂಲರನ್ನು ಆ ಕಡೆ ಈ ಕಡೆ ಮೆಲ್ಲಗೆ ತಿರುಚಿ ಎತ್ತಬೇಕು. ಬಗ್ಗಿದ ಪಿನ್ನಿಗೆ ನಿನ್ನ ಕಂಪಾಸ್ ಬಾಕ್ಸಿನಲ್ಲಿರುವ 0.5 ಎಂಎಂ ಪೆನ್ ಪೆನ್ಸಿಲ್ ತಗೋ, ಒಳಗಿನ ಕಡ್ಡಿಯನ್ನು ಪೂರ್ತಿ ತೆಗೆದುಬಿಡು. ಅದರ ತೂತಿನೊಳಗೆ ಪಿನ್ ತೂರಿಸಿ, ಪಕ್ಕದ ಸಾಲಿಗೆ ನೇರವಾಗುವವರೆಗೆ ಕೂದಲೆಳೆಯಷ್ಟಷ್ಟೇ ಬಾಗಿಸು. ಒಂದೇ ಸಲಕ್ಕೆ ಬೇಡ, ಹಿಂದೆ ಮುಂದೆ ಆಡಿಸಲೂ ಬೇಡ, ತುಂಡಾಗುತ್ತದೆ. ಸರಿಯಾದರೆ ಪ್ರೊಸೆಸರ್ ಒತ್ತದೇನೇ ತಾನಾಗಿ ಸಾಕೆಟ್ಟಿಗೆ ಇಳಿಯುತ್ತದೆ. ಇಳಿಯದಿದ್ದರೆ ಒತ್ತಬೇಡ, ಇನ್ನೊಂದು ಪಿನ್ ಬಗ್ಗಿರುತ್ತದೆ, ಬೆಳಕಿಗೆ ಹಿಡಿದು ಓರೆಯಿಂದ ನೋಡು. ಈ ಕೆಲಸಕ್ಕೆ ನಿನ್ನ ಕಣ್ಣು ನನ್ನದಕ್ಕಿಂತ ಚುರುಕು. ಅಣ್ಣನ ಕೈಗೆ ಕೊಡಬೇಡ, ನೀನೇ ಮಾಡು.